‘ಶರಪಂಜರ’ದ ಕಾವೇರಿಗೆ ಇಲ್ಲದ ಸ್ವಾತಂತ್ರ್ಯ ಯಾವುದು?

ತೋಟದ ಸೊಸೆ, ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಮಳೆಗೆ ಎರಡು ದಿನ ಕರೆಂಟ್ ಇರಲಿಲ್ಲ. ಬಂದ ಮೇಲೆ ಅತ್ತೆ ಜೊತೆ ಕೂತು ‘ಶರಪಂಜರ’ ನೋಡಿದೆ. ಪುಟ್ಟಣ್ಣ ಕಣಗಾಲರ 1971ರ ಸಿನಿಮಾ, ತ್ರಿವೇಣಿಯವರ ಕಾದಂಬರಿ. ಅತ್ತೆಗೆ ‘ಕೊಡಗಿನ ಕಾವೇರಿ’ ಹಾಡು ಬಂದರೆ ಸಾಕು. ನನಗೆ ನಾಟಿದ್ದು ಆಮೇಲಿನ ಕಥೆ.

ಹೆರಿಗೆಯ ನಂತರ ನಾಯಕಿ ಕಾವೇರಿಯ ಮನಸ್ಸು ಕೆಡುತ್ತದೆ. ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ಬಾಗಿಲಿಗೆ ಬೀಗ ಇಲ್ಲ, ಯಾರೂ ಕಟ್ಟಿಹಾಕಿಲ್ಲ. ಆದರೂ ಅವಳು ಏನು ಮಾಡಿದರೂ ಎಲ್ಲರ ಕಣ್ಣಿಗೆ ಹುಚ್ಚೇ ಕಾಣುತ್ತದೆ.

ಇದು ನನಗೆ ಗೊತ್ತು. ಮಗಳು ಹುಟ್ಟಿದಾಗ ಮೂರು ವಾರ ಮೈಸೂರಿನ ಒಂದು ಆಸ್ಪತ್ರೆಯಲ್ಲಿದ್ದೆ. ಐದು ವರ್ಷ ಆಯ್ತು. ಈ ಸಲ ಕೊಯ್ಲಲ್ಲಿ ಕಾಫಿ ಹಣ್ಣು ತೂಗುವಾಗ ಒಬ್ಬ ಹೆಂಗಸಿಗೆ ಹತ್ತು ಕಿಲೋ ಕಮ್ಮಿ ಬರೆದಿದ್ದರು. ನಾನು ದನಿ ಎತ್ತಿದೆ. ಯಾರೂ ಪುಸ್ತಕ ನೋಡಲಿಲ್ಲ. ನಮ್ಮವರು ಮೆಲ್ಲಗೆ ‘ಮಾತ್ರೆ ತಗೊಂಡ್ಯಾ?’ ಅಂದರು. ಲೆಕ್ಕ ನಿಜಕ್ಕೂ ತಪ್ಪಾಗಿತ್ತು.

ಬಿಎಯಲ್ಲಿ ತತ್ವಜ್ಞಾನಿ ಐಸಾಯಾ ಬರ್ಲಿನ್ ಬಗ್ಗೆ ಓದಿದ್ದೆ. ಅವರು ಎರಡು ಬಗೆಯ ಸ್ವಾತಂತ್ರ್ಯ ಹೇಳುತ್ತಾರೆ. ಯಾರೂ ಅಡ್ಡ ಬರದಿರುವುದು ಒಂದು ಬಗೆಯ ಸ್ವಾತಂತ್ರ್ಯ. ನನ್ನ ಬದುಕನ್ನು ನಾನೇ ನಡೆಸುವುದು ಇನ್ನೊಂದು. ಕಾವೇರಿ ಕಳೆದುಕೊಂಡಿದ್ದು ಯಾವುದನ್ನ?

ನಿವೃತ್ತ ಮೇಷ್ಟ್ರು, ವಿರಾಜಪೇಟೆ

ಒಳ್ಳೆಯ ಪ್ರಶ್ನೆ ಅಮ್ಮಾ. ಬರ್ಲಿನ್ ತಮ್ಮ 1958ರ ಉಪನ್ಯಾಸದಲ್ಲೇ ಇದರ ಹತ್ತಿರ ಬರುತ್ತಾರೆ. ಜನ ಎಷ್ಟೋ ಸಲ ಹಂಬಲಿಸುವುದು ‘ನನ್ನನ್ನೂ ಒಬ್ಬ ಮನುಷ್ಯ ಅಂತ ಎಣಿಸಿ’ ಎಂದು. ಆದರೆ ಅದನ್ನು ಸ್ವಾತಂತ್ರ್ಯದ ಜೊತೆ ಕಲಸಬೇಡಿ ಅನ್ನುತ್ತಾರೆ ಅವರು. ಇಲ್ಲಿ ನಾನು ಒಪ್ಪುವುದಿಲ್ಲ. ನೀವು ‘ಬೇಡ’ ಅಂದದ್ದನ್ನು ಮನೆಯವರು ಕಾಯಿಲೆ ಅಂತ ಕೇಳಿಸಿಕೊಂಡರೆ, ನೀವು ‘ಬೇಡ’ ಅಂದಂತೆಯೇ ಆಗಲಿಲ್ಲ. ಹಾಗಿದ್ದಾಗ ಯಾವ ಸ್ವಾತಂತ್ರ್ಯ ಉಳಿಯಿತು?

ಫ್ರೆಂಚ್ ತತ್ವಜ್ಞಾನಿ ಸಾರ್ತ್ರೆ 1943ರ ಪುಸ್ತಕದಲ್ಲಿ ಒಂದು ಉದಾಹರಣೆ ಕೊಡುತ್ತಾರೆ. ಒಬ್ಬ ಬೀಗದ ಕಿಂಡಿಯಲ್ಲಿ ಇಣುಕುತ್ತಿದ್ದಾನೆ. ಹಿಂದೆ ಹೆಜ್ಜೆ ಸಪ್ಪಳ ಕೇಳುತ್ತದೆ. ಆ ಕ್ಷಣ ಅವನು ನೋಡುವವನಲ್ಲ, ನೋಡಿಸಿಕೊಳ್ಳುವವನು. ಅವನೇನೋ ಎದ್ದು ಹೋಗಬಹುದು. ಕಾವೇರಿ ಆ ಕಣ್ಣುಗಳ ನಡುವೆಯೇ ಉಣ್ಣಬೇಕು, ಮಲಗಬೇಕು. ಕಲ್ಪನಾ ಅದನ್ನು ಮುಖದಲ್ಲೇ ತೋರಿಸಿದ್ದಾರೆ ಅಲ್ವಾ?

ಗೋಣಿಕೊಪ್ಪದ ಹುಡುಗಿ

ಮೇಷ್ಟ್ರೇ, ಕ್ಷಮಿಸಿ. ಕಣ್ಣುಗಳ ಮಾತು ಸರಿ, ಆದರೆ ಕೈಯಲ್ಲಿ ಕಾಸಿಲ್ಲದ್ದನ್ನು ಮರೆಯಬೇಡಿ. ಗಂಡ ಬೇರೆ ಹೆಂಗಸಿನ ಕಡೆ ವಾಲಿದ ಅಂತ ಗೊತ್ತಾದ ಮೇಲೂ ಕಾವೇರಿಗೆ ಹೋಗಲು ಜಾಗ ಎಲ್ಲಿ? ಕೊನೆಗೆ ಆಸ್ಪತ್ರೆಯೇ. ನನ್ನ ಅಕ್ಕನಿಗೂ ಹೀಗೇ ಆಗಿತ್ತು. ಅಂಗನವಾಡಿ ಕೆಲಸ ಸಿಕ್ಕಿದ ಮೇಲೆ ಅವಳ ಮಾತಿಗೆ ತೂಕ ಬಂತು. ಜನ ನೋಡುವ ರೀತಿ ಆಮೇಲೆ ಬದಲಾಯ್ತು, ಮೊದಲಲ್ಲ. ಅಕ್ಕಾ, ಆ ಲೆಕ್ಕದ ಪುಸ್ತಕ ಯಾರ ಹತ್ತಿರ ಇದೆ?

ತೋಟದ ಸೊಸೆ, ಸೋಮವಾರಪೇಟೆ

ಮೇಷ್ಟ್ರೇ, ‘ಬೇಡ ಅಂದಂತೆಯೇ ಆಗಲಿಲ್ಲ’ ಅನ್ನುವ ಮಾತನ್ನು ಬರೆದಿಟ್ಟುಕೊಂಡೆ. ನಾನು ಹುಡುಕುತ್ತಿದ್ದದ್ದು ಅದೇ. ಸುಮ್ನೆ ಸಮಾಧಾನ ಹೇಳದೆ ಇದ್ದದ್ದಕ್ಕೆ ಇಬ್ಬರಿಗೂ ಥ್ಯಾಂಕ್ಸ್.

ತಂಗೀ, ಪುಸ್ತಕ ನಮ್ಮವರ ಹತ್ತಿರ ಇತ್ತು. ನಿನ್ನೆ ಕೇಳಿ ತಗೊಂಡೆ. ಆ ಹತ್ತು ಕಿಲೋ ಇನ್ನೂ ಹಾಗೇ ಇದೆ. ಶನಿವಾರ ಬಟವಾಡೆ, ಅವಳ ಬಾಕಿ ನಾನೇ ಕೊಡುತ್ತೇನೆ. ಅತ್ತೆ ‘ನಾನೂ ಪಕ್ಕದಲ್ಲಿ ಕೂರ್ತೀನಿ’ ಅಂದಿದ್ದಾರೆ. ಕಾವಲಿಗೋ, ಜೊತೆಗೋ, ಕೇಳಲಿಲ್ಲ.