ಪದಚರ್ಚೆ: ಅಕ್ಕಡಿ ಅಂದರೆ ಅಂತರ ಬೆಳೆನಾ, ಮಿಶ್ರ ಬೆಳೆನಾ?

ಗೆಳೆಯರೇ, ನಮಸ್ಕಾರ.

ಪದೇ ಪದೇ ಬರ ಬೀಳುವ ಊರುಗಳ ಸಣ್ಣ ರೈತರಿಗೆಂದು ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಅದರ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ರಾಗಿಯ ಅಧ್ಯಾಯದಲ್ಲಿ ಅಕ್ಕಡಿ, ಅಂತರ ಬೆಳೆ, ಮಿಶ್ರ ಬೆಳೆ ಮೂರೂ ಒಂದೇ ಪುಟದಲ್ಲಿ ಬಂದಿವೆ. ಯಾವುದರ ಬದಲು ಯಾವುದನ್ನು ಹಾಕಿದರೂ ನಡೆಯುತ್ತೆ ಅನ್ನುವ ಹಾಗೆ ಬಳಸಿದ್ದಾರೆ. ನನಗೆ ಅದು ಸರಿ ಕಾಣುತ್ತಿಲ್ಲ. ನಿಮ್ಮ ಕಡೆಯ ಬಳಕೆ ಕೇಳಬೇಕು ಅಂತ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಡೆಯದು ಹೇಳಿಬಿಡುತ್ತೇನೆ. ನಮ್ಮದು ತುಮಕೂರು ಸೀಮೆ. ಕೂರಿಗೆಯಲ್ಲಿ ರಾಗಿ ಬಿತ್ತುತ್ತಾ ಹೋಗುವಾಗ ಕೆಲವು ಸಾಲು ಬಿಟ್ಟು ಒಂದು ಸಾಲಿಗೆ ಬೇರೆ ಕಾಳು ಬೀಳುತ್ತೆ. ಕೂರಿಗೆಯ ಹಿಂದೆ ಹಗ್ಗದಲ್ಲಿ ಕಟ್ಟಿದ ಒಂಟಿ ಬಿದಿರಿನ ಕೊಳವೆ ಇರುತ್ತೆ. ಅದು ಸಡ್ಡೆ. ಮಡಿಲಲ್ಲಿ ಕಾಳು ಕಟ್ಟಿಕೊಂಡ ಹೆಂಗಸೊಬ್ಬಳು ಸಡ್ಡೆ ಹಿಡಿದು ಹಿಂದೆ ನಡೆಯುತ್ತಾಳೆ. ಅವಳ ಮಡಿಲಲ್ಲಿ ಒಂದೇ ಕಾಳು ಇರಲ್ಲ. ಅವರೆ, ಅಲಸಂದೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆ ಎಲ್ಲ ಕಲೆಸಿಯೇ ಇರುತ್ತೆ. ಹರಳು (ಔಡಲ) ಮಾತ್ರ ಹೊಲದ ಅಂಚಿಗೆ. ಆ ಬೇರೆ ಸಾಲೇ ಅಕ್ಕಡಿ ಸಾಲು. ಅದರಲ್ಲಿ ಬೀಳುವ ಕಾಳು ಅಕ್ಕಡಿ ಕಾಳು.

ಈಗ ಅಂತರ ಬೆಳೆ. ಈ ಮಾತು ಕೃಷಿ ವಿಶ್ವವಿದ್ಯಾಲಯದ ಕಡೆಯಿಂದ ಬಂದದ್ದು. ಅಲ್ಲಿ ಲೆಕ್ಕ ಕಟ್ಟುನಿಟ್ಟು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಅಷ್ಟೇ. ಎರಡು ಬೆಳೆ, ಎರಡಕ್ಕೂ ಇಳುವರಿ ಲೆಕ್ಕ. ತೆಂಗಿನ ತೋಟದ ಬಾಳೆಗೂ ಕೋಕೋಗೂ ಅದೇ ಹೆಸರು. ಮಿಶ್ರ ಬೆಳೆ ಅಂದರೆ ಸಾಲೇ ಇಲ್ಲದೆ ಬೀಜ ಬೆರೆಸಿ ಎರಚಿದ್ದು. ಅಕ್ಕಡಿಯಲ್ಲಿ ಸಾಲೂ ಇದೆ, ಸಾಲಿನೊಳಗೆ ಬೆರಕೆಯೂ ಇದೆ. ಹಾಗಾಗಿ ಎರಡರ ಡಬ್ಬಿಗೂ ಪೂರ್ತಿ ಕೂರಲ್ಲ.

ನಮ್ಮ ಸೋದರತ್ತೆಯನ್ನು ಕೇಳಿದೆ, "ಅತ್ತೆ, ನೀವು ಮಾಡೋದು ಅಂತರ ಬೆಳೆನಾ?" ಅಂತ. "ಅಂತ್ರಾನೂ ಇಲ್ಲ ತಂತ್ರಾನೂ ಇಲ್ಲ ಕಣಪ್ಪ, ಅಕ್ಕಡಿ ಅಷ್ಟೇ" ಅಂದರು.

ಇದು ಸುಮ್ನೆ ಹೆಸರಿನ ಜಗಳ ಅಲ್ಲ ಅಂತ ನನಗೆ ಅನಿಸುವುದು 2023ರ ಬರದಿಂದ. ಆ ವರ್ಷದ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಅಂದರೆ ಮಘೆ ಮಳೆಯ ಹೊತ್ತು. "ಬಂದ್ರೆ ಮಘೆ, ಹೋದ್ರೆ ಹೊಗೆ" ಅಂತಾರಲ್ಲ, ಹೊಗೆಯೇ ಆಯ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿ ಸೇರಿದವು. ಆಗ "ಹಸಿರು ಬರ" ಅನ್ನುವ ಮಾತೂ ಪತ್ರಿಕೆಗಳಲ್ಲಿ ಓಡಾಡಿತು. ಅಲ್ಲೊಂದು ಇಲ್ಲೊಂದು ಹನಿ ಬಿದ್ದು ಹೊಲ ದೂರಕ್ಕೆ ಹಸಿರಾಗಿ ಕಾಣುತ್ತೆ. ಹತ್ತಿರ ಹೋಗಿ ತೆನೆ ಕೈಯಲ್ಲಿ ತಿಕ್ಕಿದರೆ ಬರೀ ಜೊಳ್ಳು. ಒಳ್ಳೆಯ ಪದ ಅದು, ಕೈಪಿಡಿಯಲ್ಲಿ ಹಾಗೇ ಉಳಿಸಿದ್ದೇನೆ.

ಅಂಥ ವರ್ಷದಲ್ಲಿ ಅಕ್ಕಡಿಯ ಕೆಲಸ ಕಾಣುತ್ತೆ. ರಾಗಿಯ ಬೇರು ಮೇಲ್ಮಣ್ಣಿನಲ್ಲೇ ಹರಡಿಕೊಳ್ಳುತ್ತೆ. ತೊಗರಿಯ ತಾಯಿಬೇರು ಆಳಕ್ಕೆ ಇಳಿಯುತ್ತೆ. ರಾಗಿ ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ರಾಗಿ ಹೋಯಿತು. ಆದರೆ ಅವರೆಗೆ ಇನ್ನೂ ಕಾಲ ಇರುತ್ತೆ. ಹಿಂಗಾರಿನ ಒಂದು ಹದ ಮಳೆ ಸಿಕ್ಕರೆ ಸಾಕು, ಚಳಿಗಾಲದ ಇಬ್ಬನಿಗೆ ಕಾಯಿ ಕಟ್ಟುತ್ತೆ. ರಾಗಿ ಕೊಯ್ದ ಕೂಳೆ ನಡುವೆ ಅವರೆ ಸಾಲು ಮಾತ್ರ ಹೂ ಹೊತ್ತು ನಿಂತಿರುವುದನ್ನು ಡಿಸೆಂಬರಿನಲ್ಲಿ ನೋಡಬೇಕು. ಕಾಯಿ ಬಿಡಿಸಿದರೆ ಕೈಗೆ ಅಂಟುವ ಆ ಸೊಗಡು ಸೋಪು ಹಚ್ಚಿದರೂ ಬೇಗ ಹೋಗಲ್ಲ. ಜೋಳ ತೆನೆ ಬಿಡದಿದ್ದರೂ ದನಕ್ಕೆ ಮೇವಾಗುತ್ತೆ. ಮೇವು ಇದ್ದರೆ ಹಸು ಮಾರಬೇಕಿಲ್ಲ. ಹಸು ಉಳಿದರೆ ಡೇರಿಗೆ ಹಾಲು, ಬಟವಾಡೆಯ ದುಡ್ಡು. ಬರದ ವರ್ಷ ಎಷ್ಟೋ ಮನೆ ನಡೆಯುವುದೇ ಹೀಗೆ.

ಆದರೆ ಈ ಅಕ್ಕಡಿ ಕಾಗದದಲ್ಲಿ ಸಿಗಲ್ಲ. ಬೆಳೆ ಹಾನಿ ಪರಿಹಾರ ಸಿಗುವುದು ಶೇ 33 ಅಥವಾ ಅದಕ್ಕಿಂತ ಹೆಚ್ಚು ನಷ್ಟ ಆಗಿದ್ದರೆ. ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರಿನವರೆಗೆ ಮಾತ್ರ ಅಂತ ಆ ವರ್ಷದ ನಿಯಮ. ಲೆಕ್ಕ ಹಾಕುವುದು ಬೆಳೆ ಸಮೀಕ್ಷೆಯಲ್ಲಿ ಯಾವ ಬೆಳೆ, ಎಷ್ಟು ವಿಸ್ತೀರ್ಣ ಅಂತ ಬರೆದಿದೆಯೋ ಅದರ ಮೇಲೆ. ಇಲ್ಲೊಂದು ಅಲ್ಲೊಂದು ಸಾಲಿನಲ್ಲಿರುವ ಅವರೆಗೆ ಎಷ್ಟು ಗುಂಟೆ ಅಂತ ಬರೆಯೋದು? ಹೊಲ ಪೂರ್ತಿ ರಾಗಿ ಅಂತಲೇ ಬರೆಸಿ ಬರುತ್ತಾರೆ. ಬೆಂಬಲ ಬೆಲೆಯಲ್ಲೂ ಅದೇ ಕತೆ. 2024–25ರಲ್ಲಿ ರಾಗಿಗೆ ಕ್ವಿಂಟಲ್‌ಗೆ 4,290 ರೂಪಾಯಿ ಇತ್ತು. ಮನೆ ಖರ್ಚಿಗೆ ಕಳೆದು ಸಂತೆಯಲ್ಲಿ ಸೇರಿನ ಲೆಕ್ಕದಲ್ಲಿ ಮಾರಿಹೋಗುವ ಅವರೆಕಾಳನ್ನು ಯಾವ ಖರೀದಿ ಕೇಂದ್ರ ಕೇಳುತ್ತೆ?

ಬಳಕೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಮ್ಮಲ್ಲಿ ರಾಗಿ ಮಾರಿದ ದುಡ್ಡು ಗಂಡಸರ ಕೈಗೆ, ಅಕ್ಕಡಿ ಮಾರಿದ್ದು ಹೆಂಗಸರ ಕೈಗೆ. ಬೀಜ ಆರಿಸಿ, ಬೂದಿ ಬೆರೆಸಿ ಮಡಕೆಯಲ್ಲಿ ಕಟ್ಟಿಡುವುದೂ ಅವರೇ. "ಅಕ್ಕಡಿ ದುಡ್ಡು" ಅಂದರೆ ಮನೆಯಾಕೆಯ ದುಡ್ಡು ಅಂತಲೇ ಅರ್ಥ. "ಅಂತರ ಬೆಳೆ" ಅಂತ ಬರೆದರೆ ಈ ಅರ್ಥ ಬಿದ್ದುಹೋಗುತ್ತೆ, ಅಲ್ವಾ?

ಪದ ಮಾತ್ರ ಅಲ್ಲ, ಅಕ್ಕಡಿಯೇ ಕಡಿಮೆಯಾಗುತ್ತಿದೆ. ಟ್ರ್ಯಾಕ್ಟರ್ ಕೂರಿಗೆಗೆ ಸಡ್ಡೆ ಕಟ್ಟೋರು ಯಾರು? ಕಟಾವು ಮಿಷನ್ ಹೊಲಕ್ಕಿಳಿದರೆ ನಡುವೆ ನಿಂತ ಹಸಿ ತೊಗರಿ, ಅವರೆ ಅದಕ್ಕೆ ಅಡ್ಡ. ರಾಗಿಯ ಕಳೆಗೆ ಹೊಡೆಯುವ ಔಷಧಿಗಳಲ್ಲಿ ಕೆಲವು ಅಗಲ ಎಲೆಯ ಗಿಡವನ್ನೆಲ್ಲ ಸುಡುತ್ತವೆ, ಅವರೆಯನ್ನೂ ಬಿಡಲ್ಲ. ಕೂಲಿಯಾಳು ಸಿಗದ ರೈತನನ್ನು ದೂರೋಕೂ ಆಗಲ್ಲ. ಆದರೆ ಒಂದು ಕಡೆ ಅಕ್ಕಡಿ ಕೈಬಿಡುವ ಹಾಗೆ ಮಾಡಿ, ಇನ್ನೊಂದು ಕಡೆ ಬರ ತಡೆಯುವ ಬೇಸಾಯದ ತರಬೇತಿಗೆ ಕರೆದು ಊಟ ಹಾಕುವುದು ನನಗೆ ವಿಚಿತ್ರವಾಗಿ ಕಾಣುತ್ತೆ.

ಇದರ ಜೊತೆಗೇ ಎರಡನೇ ಪ್ರಶ್ನೆ. ಕೈಪಿಡಿಯ ಹೆಸರಿನಲ್ಲೇ "ಹವಾಮಾನ ಸ್ಥಿತಿಸ್ಥಾಪಕ ಕೃಷಿ" ಅಂತ ಇದೆ. ಸ್ಥಿತಿಸ್ಥಾಪಕ ಅಂದರೆ ಹೈಸ್ಕೂಲಿನ ವಿಜ್ಞಾನ ಪುಸ್ತಕದ ರಬ್ಬರು. ಎಳೆದು ಬಿಟ್ಟರೆ ಮೊದಲಿನ ಹಾಗೇ ಆಗುವಂಥದ್ದು. ಬರ ಬಿದ್ದ ಹೊಲ ಹಾಗಲ್ಲ. ಹೋದ ರಾಗಿ ತಿರುಗಿ ಬರಲ್ಲ, ಅವರೆಯೋ ಹಾಲೋ ಆ ವರ್ಷ ದಾಟಿಸುತ್ತೆ ಅಷ್ಟೇ. ಅದಕ್ಕೆ "ಮಳೆ ಏರುಪೇರು ತಾಳುವ ಬೇಸಾಯ" ಅಂತ ಬದಲಾಯಿಸೋಣ ಅಂದೆ. ಮಳೆ ಅಂದರೆ ಬಿಸಿಲು, ಆಲಿಕಲ್ಲು ಬಿಟ್ಟುಹೋಗುತ್ತೆ ಅಂತ ಒಬ್ಬರ ತಕರಾರು. ಇನ್ನೊಬ್ಬರಿಗೆ ಅದು ತೀರಾ ಹಳ್ಳಿ ಮಾತಂತೆ. ಹಳ್ಳಿಯವರಿಗೇ ಬರೆಯುತ್ತಿರುವ ಪುಸ್ತಕ ಸ್ವಾಮಿ!

ನಿಮ್ಮಿಂದ ನನಗೆ ಬೇಕಾದ್ದು ಇಷ್ಟು. ಉತ್ತರ ಕರ್ನಾಟಕದ ಗೆಳೆಯರೇ, ಹಿಂಗಾರಿ ಜೋಳದಲ್ಲಿ ಹಾಕುವ ಕುಸುಬಿಗೆ ನೀವು ಅಕ್ಕಡಿ ಅನ್ನುತ್ತೀರಾ? ದನ ಬಾಯಿ ಹಾಕದಿರಲಿ ಅಂತ ಮುಳ್ಳಿನ ಕುಸುಬಿಯನ್ನು ಅಂಚಿಗೆ ಹಾಕಿದರೆ ಅದಕ್ಕೂ ಅದೇ ಮಾತಾ, ಬೇರೆ ಇದೆಯಾ? ಸಜ್ಜೆ ತೊಗರಿ ಕೂಡಿಸಿ ಬಿತ್ತಿದರೆ? ಚಾಮರಾಜನಗರ, ಕೋಲಾರದ ಕಡೆ ಸಡ್ಡೆಗೆ ಏನಂತಾರೆ? ಮತ್ತೆ ಕ್ರಿಯಾಪದ ಯಾವುದು? ನಮ್ಮಲ್ಲಿ "ಅಕ್ಕಡಿ ಬಿಡೋದು" ಅಂತಾರೆ, ಕರಡಿನಲ್ಲಿ "ಅಕ್ಕಡಿ ಬಿತ್ತನೆ" ಅಂತಿದೆ. ನಿಘಂಟಿನ ಅರ್ಥಕ್ಕಿಂತ ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಬಂದ ಒಂದು ವಾಕ್ಯ, ಊರಿನ ಹೆಸರಿನ ಜೊತೆ ಕಳಿಸಿದರೆ ಜಾಸ್ತಿ ಉಪಕಾರ. ಒಂದು ವೇಳೆ ನಿಮ್ಮ ಕಡೆ ಮೂರು ಪದವೂ ಒಂದೇ ಅರ್ಥಕ್ಕೆ ನಡೆಯುತ್ತೆ ಅಂದರೆ ಅದನ್ನೂ ಹೇಳಿ, ವಾದ ಬಿಟ್ಟುಬಿಡುತ್ತೇನೆ.

ರೋಹಿಣಿ ಮಳೆ ಹುಟ್ಟುವ ಮೊದಲು ಕೈಪಿಡಿ ಅಚ್ಚಾಗಿ ಹಳ್ಳಿ ಸೇರಬೇಕು. ಹಾಗಾಗಿ ಸ್ವಲ್ಪ ಬೇಗ ಬರೆಯಿರಿ.