ಹಾರ್ಡ್‌ಡಿಸ್ಕಿಗೆ ಬ್ಯಾಕಪ್: ನೀವು ಯಾವ ಸೆಟ್ಟಿಂಗ್ ಇಟ್ಟಿದ್ದೀರಿ?

ಹುಬ್ಬಳ್ಳಿ, ಡಿಟಿಪಿ ಅಂಗಡಿ:
ದುರ್ಗದಬೈಲ್ ಹತ್ತಿರ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್‌ಬುಕ್, ಬ್ಯಾನರ್ ಎಲ್ಲ ಒಂದೇ ಕಂಪ್ಯೂಟರಿನಲ್ಲಿವೆ. ಹೊರಗಿನ ಹಾರ್ಡ್‌ಡಿಸ್ಕ್ ತಂದು, ಎರಡು ಫೋಲ್ಡರ್ ಹೋಲಿಸಿ ಕಾಪಿ ಮಾಡುವ ಫ್ರೀಫೈಲ್‌ಸಿಂಕ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ. ಟೂ ವೇ, ಮಿರರ್, ಅಪ್‌ಡೇಟ್ ಅಂತೆಲ್ಲ ಬಗೆ ತೋರಿಸುತ್ತದೆ. ಯಾವುದು ಇಡಲಿ? ಬಳಸಿದವರು ಹೇಳಿ.

ಗದಗ, ಪ್ರಿಂಟಿಂಗ್ ಪ್ರೆಸ್:
ಅಕ್ಕಾರೆ, ಬಗೆ ಆರಿಸುವ ಮೊದಲು ಅಳಿಸಿದ ಫೈಲ್ ಎಲ್ಲಿಗೆ ಹೋಗಬೇಕು ಅನ್ನುವ ಸೆಟ್ಟಿಂಗ್ ನೋಡಿ. ನನಗೆ ಪೆಟ್ಟು ಬಿದ್ದದ್ದು ಅಲ್ಲೇ.

ಮಿರರ್ ಅಂದರೆ ಎಡಗಡೆ ಏನಿದೆಯೋ ಬಲಗಡೆಯೂ ಅಷ್ಟೇ. ಎಡಕ್ಕೆ ಇಲ್ಲದ್ದು ಬಲದಲ್ಲಿ ಅಳಿಯುತ್ತದೆ. ಹೊಸ ಡಿಸ್ಕ್ ತಂದ ದಿನ ಅವಸರದಲ್ಲಿ ಖಾಲಿ ಡಿಸ್ಕನ್ನು ಎಡಕ್ಕೆ, ಕೆಲಸದ ಫೋಲ್ಡರನ್ನು ಬಲಕ್ಕೆ ಕೊಟ್ಟೆ. ಎರಡೂ ಕಡೆ ಬಹಳ ವ್ಯತ್ಯಾಸ ಇದೆ, ಸರಿಯಾದ ಫೋಲ್ಡರ್ ಹೌದೇ ನೋಡಿ ಅಂತ ಎಚ್ಚರಿಕೆ ಬಂತು. ಹೊಸ ಡಿಸ್ಕ್ ಅಲ್ವಾ, ವ್ಯತ್ಯಾಸ ಇದ್ದೇ ಇರುತ್ತದೆ ಅಂದುಕೊಂಡು ಮುಂದೆ ಒತ್ತಿದೆ. ರೀಸೈಕಲ್ ಬಿನ್ ತುಂಬುತ್ತದೆ ಅಂತ ಮೊದಲೇ ಪರ್ಮನೆಂಟ್ ಡಿಲೀಟ್ ಇಟ್ಟಿದ್ದೆ. ಮೂರು ವರ್ಷದ ಕೆಲಸ ಹೋಯಿತು. ಗಿರಾಕಿಗಳಿಗೆ ವಾಟ್ಸಾಪಿನಲ್ಲಿ ಪ್ರೂಫ್ ಕಳಿಸಿದ್ದ ಪಿಡಿಎಫ್‌ಗಳನ್ನು ಒಂದೊಂದೇ ಇಳಿಸಿಕೊಂಡು ಒಂದಿಷ್ಟು ಉಳಿಸಿಕೊಂಡೆ. ಆ ಎರಡು ವಾರ ಊಟ ಸೇರಲಿಲ್ಲ.

ನೀವು ಅಪ್‌ಡೇಟ್ ಇಡಿ. ಎಡಕ್ಕೆ ಕಂಪ್ಯೂಟರ್, ಬಲಕ್ಕೆ ಡಿಸ್ಕ್. ಹೊಸದು, ಬದಲಾದದ್ದು ಮಾತ್ರ ಡಿಸ್ಕಿಗೆ ಹೋಗುತ್ತದೆ. ಇಲ್ಲಿ ಅಳಿಸಿದರೂ ಅಲ್ಲಿ ಉಳಿಯುತ್ತದೆ. ಅಷ್ಟಕ್ಕೇ ನಿಶ್ಚಿಂತೆ ಬೇಡ. ಹೋದ ವರ್ಷದ ಲಗ್ನಪತ್ರಿಕೆ ತೆಗೆದು ಹೆಸರು ಬದಲಿಸುತ್ತೇವೆ, ಸೇವ್ ಆ್ಯಸ್ ಮರೆತು ಸುಮ್ನೆ ಸೇವ್ ಒತ್ತಿಬಿಡುತ್ತೇವೆ. ನಮ್ಮ ಕೆಲಸದಲ್ಲಿ ಇದು ದಿನಾ ಆಗುವುದೇ. ಅಪ್‌ಡೇಟ್ ಆ ಫೈಲನ್ನು ಡಿಸ್ಕಿನ ಹಳೆಯದರ ಮೇಲೆಯೇ ಬರೆಯುತ್ತದೆ. ಅದಕ್ಕೇ ವರ್ಷನಿಂಗ್ ಬೇಕು, ಅಂದರೆ ಹಳೆಯ ಪ್ರತಿಯನ್ನು ಅಳಿಸದೆ ಬೇರೆ ಕಡೆ ಎತ್ತಿಡುವ ಸೆಟ್ಟಿಂಗ್. ಡಿಸ್ಕಿನಲ್ಲೇ, ಆದರೆ ಬ್ಯಾಕಪ್ ಫೋಲ್ಡರಿನ ಹೊರಗೆ, ಇನ್ನೊಂದು ಫೋಲ್ಡರ್ ಮಾಡಿ ಅದಕ್ಕೆ ತೋರಿಸಿ. ಫೈಲ್ ಹೆಸರಿಗೆ ಟೈಮ್ ಸ್ಟ್ಯಾಂಪ್ (ದಿನಾಂಕ, ಸಮಯ) ಸೇರುವಂತೆ ಇಡಿ. ಹಳೆಯದನ್ನು ಎಷ್ಟು ದಿನ ಇಡಬೇಕು ಅಂತಲೂ ಅಲ್ಲೇ ಕೊಡಬಹುದು. ನಾನು 90 ಕೊಟ್ಟಿದ್ದೇನೆ.

ಪೆನ್‌ಡ್ರೈವ್ ಮೊದಲೇ ಚುಚ್ಚಿದ್ದರೆ ನಿಮ್ಮ ಡಿಸ್ಕಿಗೆ ವಿಂಡೋಸ್ ಕೊಡುವ ಅಕ್ಷರ ಇ ಹೋಗಿ ಎಫ್ ಆಗಬಹುದು. ಅಕ್ಷರದ ಬದಲು ಡಿಸ್ಕಿನ ಹೆಸರನ್ನು ಚೌಕ ಬ್ರಾಕೆಟ್ಟಿನಲ್ಲಿ ಬರೆಯಿರಿ, ಅದೇ ಹುಡುಕಿಕೊಳ್ಳುತ್ತದೆ.

ಬ್ಯಾಡಗಿ, ಲೆಕ್ಕ ಬರೆಯುವವಳು:
ಮೆಣಸಿನಕಾಯಿ ದಲಾಲಿ ಅಂಗಡಿಗಳ ಲೆಕ್ಕ ನನ್ನದು. ನಿಮ್ಮ ಬಿಲ್ಲೂ ಟ್ಯಾಲಿಯಲ್ಲಿದ್ದರೆ, ಟ್ಯಾಲಿ ತೆರೆದಿಟ್ಟು ಡೇಟಾ ಫೋಲ್ಡರ್ ಕಾಪಿ ಮಾಡಬೇಡಿ. ಅರ್ಧ ಬರೆದ ಫೈಲ್ ಹೋಗಬಹುದು, ಕಾಪಿ ಆಯ್ತು ಅಂತ ನಾವು ನಂಬಿಕೊಂಡಿರುತ್ತೇವೆ. ನಾನು ಟ್ಯಾಲಿಯದೇ ಬ್ಯಾಕಪ್ ತೆಗೆದು ಆ ಫೈಲನ್ನು ಕಳಿಸುತ್ತೇನೆ.

ಫ್ರೀಫೈಲ್‌ಸಿಂಕಿನ ಸೆಟ್ಟಿಂಗನ್ನು ಬ್ಯಾಚ್ ಜಾಬ್ ಆಗಿ ಸೇವ್ ಮಾಡಿ, ಹೇಳಿದ ಹೊತ್ತಿಗೆ ತಾನೇ ನಡೆಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರಿಗೆ ರಾತ್ರಿ 8 ಗಂಟೆ ಕೊಟ್ಟಿದ್ದೆ. ಕರೆಂಟ್ ಇಲ್ಲದ ದಿನ ಅದು ನಡೆಯುವುದೇ ಇಲ್ಲ. ತಪ್ಪಿದ ಕೆಲಸವನ್ನು ಆದಷ್ಟು ಬೇಗ ನಡೆಸು ಅನ್ನುವ ಟಿಕ್ ಸೆಟ್ಟಿಂಗ್ಸ್ ಟ್ಯಾಬಿನಲ್ಲಿದೆ, ಹಾಕಿಬಿಡಿ. ವಾರಕ್ಕೊಮ್ಮೆ ಎರಡನೇ ಡಿಸ್ಕಿಗೂ ಕಾಪಿ ಮಾಡಿ ಮನೆಯಲ್ಲಿ ಇಡುತ್ತೇನೆ. ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ ಆಗ ಚುಚ್ಚಿಟ್ಟಿರುವ ಡಿಸ್ಕಿಗೂ ಬೀಗ ಬೀಳುತ್ತದೆ.

ಧಾರವಾಡ, ವಿದ್ಯಾರ್ಥಿ:
ನನ್ನದು ಫೋನಿನಿಂದ ಲ್ಯಾಪ್‌ಟಾಪಿಗೆ ಸಿಂಕ್‌ಥಿಂಗ್, ಎರಡೂ ಕಡೆಯ ಫೋಲ್ಡರನ್ನು ಒಂದೇ ತರ ಇಡುವ ಸಾಫ್ಟ್‌ವೇರ್. ಜಾಗ ಸಾಲದೆ ಫೋನಿನ ಫೋಟೋ ಅಳಿಸಿದೆ, ಲ್ಯಾಪ್‌ಟಾಪಿನಲ್ಲೂ ಹೋದವು. ಫೋನನ್ನು ಸೆಂಡ್ ಓನ್ಲಿ (ಕಳಿಸುವುದು ಮಾತ್ರ) ಮಾಡಿದರೆ ಸರಿಯಾಗುತ್ತದೆ ಅಂದುಕೊಂಡಿದ್ದೆ. ಆಗುವುದಿಲ್ಲ, ಅಳಿಸಿದ ಸುದ್ದಿಯನ್ನೂ ಅದು ಕಳಿಸುತ್ತದೆ. ಲ್ಯಾಪ್‌ಟಾಪಿನ ಕಡೆ ಫೈಲ್ ವರ್ಷನಿಂಗಿನಲ್ಲಿ ಟ್ರ್ಯಾಶ್ ಕ್ಯಾನ್ ಆರಿಸಿ, ದಿನಗಳ ಜಾಗದಲ್ಲಿ 0 ಇಟ್ಟೆ. 0 ಅಂದರೆ ಯಾವತ್ತೂ ತೆಗೆಯಬೇಡ ಅಂತ. ಗೂಗಲ್ ಡ್ರೈವ್ ನಂಬಿದವರಿಗೂ ಒಂದು ಮಾತು: ಅಲ್ಲಿ ಕಸದಬುಟ್ಟಿಗೆ ಹೋದದ್ದು 30 ದಿನ ಮಾತ್ರ ಇರುತ್ತದೆ.

ಹುಬ್ಬಳ್ಳಿ, ಡಿಟಿಪಿ ಅಂಗಡಿ:
ಎಲ್ಲರಿಗೂ ಧನ್ಯವಾದ. ಗದಗಿನ ಅಣ್ಣಾವ್ರು ಹೇಳಿದ ಹಾಗೇ ಇಟ್ಟೆ. ಒಂದು ಪತ್ರಿಕೆಯನ್ನು ಬೇಕಂತಲೇ ಕೆಡಿಸಿ ಸೇವ್ ಮಾಡಿ, ಸಿಂಕ್ ಮಾಡಿ, ಹಳೆಯದನ್ನು ಹುಡುಕಿದೆ. ಸಿಕ್ಕಿತು! ಆದರೆ ತಂಗಿಯ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅಲ್ಲಿ ನುಡಿ ಫಾಂಟ್ ಇರಲಿಲ್ಲ. ಈಗ ಫಾಂಟ್ ಫೈಲ್‌ಗಳನ್ನೂ ಒಂದು ಫೋಲ್ಡರಿಗೆ ಹಾಕಿ ಬ್ಯಾಕಪ್ಪಿಗೆ ಸೇರಿಸಿದ್ದೇನೆ. ಅಣ್ಣಾವ್ರೆ, ಪತ್ರಿಕೆ ವಿನ್ಯಾಸ ಮಾಡುವ ಕೋರೆಲ್ ಸಾಫ್ಟ್‌ವೇರ್ ತಾನೇ ಮಾಡುವ ‘ಬ್ಯಾಕಪ್ ಆಫ್’ ಫೈಲ್‌ಗಳು ಜಾಸ್ತಿ ಇವೆ. ಫಿಲ್ಟರ್ ಹಾಕಿ ಹೊರಗಿಡಲೇ?

ಗದಗ, ಪ್ರಿಂಟಿಂಗ್ ಪ್ರೆಸ್:
ಹೊರಗಿಡಬೇಡಿ. ಮೂಲ ಫೈಲ್ ಕೆಟ್ಟು ತೆರೆಯದೆ ಹೋದಾಗ ಎರಡು ಸಲ ನನ್ನನ್ನು ಕಾಪಾಡಿದ್ದು ಅದೇ. ಟಿಎಂಪಿ (ತಾತ್ಕಾಲಿಕ) ಫೈಲ್ ಮಾತ್ರ ಹೊರಗಿಡಿ.