ಅಪ್‌ಡೇಟ್: ಅಮ್ಮನ ಜೊತೆ ಬೇಕಲಕ್ಕೆ ಹೋಗಿ ಬಂದೆ

ಮಂಡಿನೋವಿರುವ ಅಮ್ಮನನ್ನು ಕಾಸರಗೋಡಿನಿಂದ ಬೇಕಲ ಕೋಟೆಗೆ ಹೇಗೆ ಕರೆದುಕೊಂಡು ಹೋಗಲಿ ಅಂತ ಕೇಳಿದ್ದೆನಲ್ಲ, ಆರಾಮಾಗಿ ಹೋಗಿ ಬಂದೆವು. ಚಂದ್ರಗಿರಿ ಸೇತುವೆ ದಾಟಿ ಹೋಗುವ ಕಾಞಂಗಾಡ್ ಬಸ್ ಹತ್ತಿ ಅಂದವರಿಗೆ ಥ್ಯಾಂಕ್ಸ್. ಇಳಿದ ಮೇಲೆ ಆಟೋ, ಸೀದಾ ಕೋಟೆ ಬಾಗಿಲಿನ ಆಂಜನೇಯನ ಗುಡಿವರೆಗೆ.

ಮಧ್ಯಾಹ್ನ ಹೋಗಿ, ರಶ್ ಇರಲ್ಲ ಅನ್ನೋ ಸಲಹೆ ಮಾತ್ರ ಬೇಡವೇ ಬೇಡ. ಒಳಗೆ ನೆರಳು ತೀರಾ ಕಮ್ಮಿ, ಕೆಂಪುಕಲ್ಲು ಕಾದು ಕೆಂಡ. ನಾಲ್ಕರ ಮೇಲೆ ಗಾಳಿ ಬಂತು, ಅಮ್ಮನ ಮುಖ ಅರಳಿತು.

ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು ಅಂತ ಗೊತ್ತಿತ್ತು. ಗೋಡೆಯ ಕಿಂಡಿಗಳ ಲೆಕ್ಕಾಚಾರ ಗೊತ್ತಿರಲಿಲ್ಲ: ಮೇಲಿನವು ದೂರದ ಗುರಿಗೆ, ಕೆಳಗಿನವು ಹತ್ತಿರ ಬಂದ ಶತ್ರುವಿಗೆ! ವೀಕ್ಷಣಾ ಗೋಪುರದ ಏರು ಅಮ್ಮನಿಗೆ ಆಗಲಿಲ್ಲ. ಸಮುದ್ರದ ಕಡೆಯ ಗೋಡೆ ಪಕ್ಕ ಕೂತರೆ ಕೆಳಗಿನ ಪುಟ್ಟ ಕಡಲತೀರ ಪೂರ್ತಿ ಕಾಣುತ್ತದೆ, ಅಷ್ಟು ಸಾಕಲ್ವಾ?